ತಾಯಿಗೆ ಧರ್ಮವಿತ್ತ ರಿಯಾಯಿತಿ, ಮನೆ ಮರೆತ ವಿಶ್ರಾಂತಿ

ಬನ್ನೇರುಘಟ್ಟ ರಸ್ತೆಯ ಹುಳಿಮಾವು ಒಂದೆರಡು ತಲೆಮಾರಿನ ಹಿಂದೆ ಕೆರೆ, ತೋಟ ಹಾಗೂ ರಾಮಲಿಂಗೇಶ್ವರ ಗುಹಾಲಯಕ್ಕೆ ಹೆಸರಾದ ಹಳ್ಳಿಯಾಗಿತ್ತು. ಇಂದು ಅದು ದಕ್ಷಿಣ ಬೆಂಗಳೂರಿನ ಕಿಕ್ಕಿರಿದ ಬಡಾವಣೆ. ಅರಕೆರೆ, ಬಿಳೇಕಹಳ್ಳಿ, ಬಿಟಿಎಂ ಬಡಾವಣೆ, ಜೆಪಿ ನಗರಗಳಂತೆ ಇಲ್ಲಿಯೂ ನಾಡಿನ ಎಲ್ಲ ಮೂಲೆಗಳಿಂದ ಬಂದ ಸಣ್ಣ ಕುಟುಂಬಗಳು ನೆಲೆಸಿವೆ. ಕೋಲಾರದ ದಖನಿ ಉರ್ದು, ಮಂಗಳೂರಿನ ಬ್ಯಾರಿ, ಭಟ್ಕಳದ ನವಾಯತಿ, ಹಾಸನದ ಕನ್ನಡ ಇವೆಲ್ಲ ಇಂತಹ ಬಡಾವಣೆಯ ಒಂದೇ ಕಟ್ಟಡದ ಬೇರೆ ಬೇರೆ ಮಹಡಿಗಳಲ್ಲಿ ಕೇಳಿಬರುವುದು ಅಪರೂಪವೇನಲ್ಲ.

ಇಂತಹ ಮನೆಯ ಮುಸ್ಲಿಂ ತಾಯಿಯೊಬ್ಬಳ ದಿನಚರಿ ಸೂರ್ಯೋದಯಕ್ಕೆ ಮುನ್ನ ಫಜರ್ ನಮಾಜಿನಿಂದ ಆರಂಭವಾಗುತ್ತದೆ. ಬಳಿಕ ಮಕ್ಕಳ ಊಟದ ಡಬ್ಬಿ, ಶಾಲೆಯ ವ್ಯಾನು, ಗಂಡನ ಕಚೇರಿ, ಕೆಲಸಕ್ಕೆ ಹೋಗುವವಳಾದರೆ ತನ್ನ ಕಚೇರಿ. ಸಂಜೆ ಮಕ್ಕಳಿಗೆ ಶಾಲೆಯ ಪಾಠದ ಜೊತೆಗೆ ಕುರ್‌ಆನ್ ಓದಿನ ಪಾಠ. ರಾತ್ರಿ ಇಶಾ ನಮಾಜು ಮುಗಿಯುವ ಹೊತ್ತಿಗೆ ತೊಟ್ಟಿಲ ಕೂಸು ಎಚ್ಚರಗೊಂಡಿರುತ್ತದೆ. ಊರಿನಲ್ಲಿದ್ದಿದ್ದರೆ ಅತ್ತೆ, ನಾದಿನಿ, ಅಕ್ಕಂದಿರ ನಡುವೆ ಹಂಚಿಹೋಗುತ್ತಿದ್ದ ಕೆಲಸವೆಲ್ಲ ಇಲ್ಲಿ ಎರಡು ಕೋಣೆಯ ಮನೆಯೊಳಗೆ ಒಬ್ಬಳ ಮೇಲೆಯೇ ಬೀಳುತ್ತದೆ.

ಈ ಒತ್ತಡ ಯಾವುದೇ ಧರ್ಮದ ತಾಯಿಗೂ ಹೊಸತಲ್ಲ. ಆದರೆ ಮುಸ್ಲಿಂ ತಾಯಿಯ ವಿಷಯದಲ್ಲಿ ಒಂದು ವಿಶೇಷ ಗೊಂದಲ ಸೇರಿಕೊಳ್ಳುತ್ತದೆ. ದಣಿದೆನೆಂದು ಹೇಳಿದರೆ ಅದು ವಿಶ್ವಾಸದ ಕೊರತೆಯೆಂದು ಕಾಣಬಹುದೇ ಎಂಬ ಅಳುಕು ಅದು. ಹಾಲೂಡುವ ತಾಯಿ ಉಪವಾಸ ಬಿಟ್ಟರೆ ನೆರೆಹೊರೆಯವರು ಏನೆನ್ನುವರು? ಬಾಣಂತಿ ಕಾರಣವಿಲ್ಲದೆ ಅಳುತ್ತಿದ್ದರೆ ಅದು ಈಮಾನಿನ ದೌರ್ಬಲ್ಯವೇ? ಈ ಪ್ರಶ್ನೆಗಳಿಗೆ ಧರ್ಮಶಾಸ್ತ್ರವೂ ವೈದ್ಯಶಾಸ್ತ್ರವೂ ಸ್ಪಷ್ಟ ಉತ್ತರಗಳನ್ನು ನೀಡಿವೆ. ಎರಡರ ಉತ್ತರಗಳೂ ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿವೆ ಎಂಬುದು ಅನೇಕ ಮನೆಗಳಿಗೆ ತಿಳಿದಿಲ್ಲ.

ರಿಯಾಯಿತಿ ಎಂದರೇನು?

ಇಸ್ಲಾಮಿ ಧರ್ಮಶಾಸ್ತ್ರದಲ್ಲಿ ‘ರುಖ್ಸತ್’ ಎಂಬ ಪರಿಭಾಷೆಯಿದೆ. ಕಷ್ಟದ ಸಂದರ್ಭದಲ್ಲಿ ಕಡ್ಡಾಯ ಕರ್ತವ್ಯವನ್ನು ಹಗುರಗೊಳಿಸುವ ಅಥವಾ ಮುಂದೂಡುವ ಅನುಮತಿ ಎಂಬುದು ಇದರ ಅರ್ಥ. ಪ್ರಯಾಣಿಕ, ರೋಗಿ, ಗರ್ಭಿಣಿ, ಹಾಲೂಡುವ ತಾಯಿ ಇವರೆಲ್ಲ ಇದರ ವ್ಯಾಪ್ತಿಗೆ ಬರುತ್ತಾರೆ. ಈ ಅನುಮತಿಯು ಶಾಸ್ತ್ರದ ಒಳಗೇ ಇರುವ ವಿಧಿ. ಸೋಮಾರಿತನಕ್ಕೆ ಹುಡುಕಿಕೊಂಡ ನೆಪವಲ್ಲ. ಪ್ರವಾದಿ ಮುಹಮ್ಮದರು ಅತಿಯಾದ ವ್ರತಾಚರಣೆಯಲ್ಲಿ ತೊಡಗಿದ್ದ ಅನುಯಾಯಿಯೊಬ್ಬರನ್ನು ಕರೆದು, ದೇಹಕ್ಕೂ ಕಣ್ಣಿಗೂ ಕುಟುಂಬಕ್ಕೂ ಅವುಗಳದೇ ಆದ ಹಕ್ಕಿದೆಯೆಂದು ತಿಳಿಹೇಳಿದ ಪ್ರಸಂಗ ಪ್ರಮುಖ ಹದೀಸ್ ಸಂಗ್ರಹಗಳಲ್ಲಿ ದಾಖಲಾಗಿದೆ. ಆದುದರಿಂದ ತನ್ನ ಶರೀರದ ಆರೈಕೆ ಎಂಬುದು ಇತ್ತೀಚೆಗೆ ಹೊರಗಿನಿಂದ ಬಂದ ವಿಚಾರವೆನ್ನಲು ಆಧಾರವಿಲ್ಲ.

ನಮಾಜಿನ ವಿಷಯವನ್ನೇ ಗಮನಿಸಬಹುದು. ಸಾಮೂಹಿಕ ಪ್ರಾರ್ಥನೆಯ ನಡುವೆ ಮಗುವಿನ ಅಳು ಕೇಳಿಬಂದಾಗ, ಅದರ ತಾಯಿಗೆ ಸಂಕಟವಾಗುವುದೆಂದು ಪ್ರವಾದಿಯವರು ನಮಾಜನ್ನು ಚಿಕ್ಕದಾಗಿಸುತ್ತಿದ್ದರು. ಮೊಮ್ಮಗಳು ಉಮಾಮಾಳನ್ನು ಹೆಗಲ ಮೇಲೆ ಹೊತ್ತೇ ನಮಾಜು ಸಲ್ಲಿಸಿದ ನಿದರ್ಶನವೂ ಇದೆ. ಕೂಸು ಮಡಿಲಿಗೆ ಹತ್ತಿದ ಮಾತ್ರಕ್ಕೆ ತನ್ನ ನಮಾಜು ಕೆಟ್ಟಿತೆಂದು ನೊಂದುಕೊಳ್ಳುವ ತಾಯಂದಿರು ಈ ಎರಡು ಪ್ರಸಂಗಗಳನ್ನು ನೆನೆಯಬೇಕು.

ಬಟ್ಟೆಯ ಶುದ್ಧಿಯ ಪ್ರಶ್ನೆಯೂ ದಿನನಿತ್ಯದ್ದೇ. ಕೂಸಿನ ಮೂತ್ರ ತಗುಲಿದ ಬಟ್ಟೆಯನ್ನು ತೊಳೆಯಬೇಕೆಂದು ಹನಫಿ ಪಂಥ ಹೇಳಿದರೆ, ಎದೆಹಾಲನ್ನಷ್ಟೇ ಕುಡಿಯುವ ಗಂಡುಕೂಸಿನ ವಿಷಯದಲ್ಲಿ ನೀರು ಚಿಮುಕಿಸಿದರೆ ಸಾಕೆಂದು ಶಾಫಿ ಪಂಥ ಹೇಳುತ್ತದೆ. ನಮಾಜಿಗೆಂದೇ ಒಂದು ಜೊತೆ ಬಟ್ಟೆ ಹಾಗೂ ದುಪಟ್ಟಾವನ್ನು ಪ್ರತ್ಯೇಕವಾಗಿ ಇರಿಸಿಕೊಳ್ಳುವುದು ಅನೇಕ ಮನೆಗಳಲ್ಲಿ ರೂಢಿಯಲ್ಲಿರುವ ಸುಲಭ ಉಪಾಯ. ಸಿಸೇರಿಯನ್ ಆದ ಬಳಿಕ ಬಾಗಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ಸಂಜ್ಞೆಯ ಮೂಲಕ ನಮಾಜು ಸಲ್ಲಿಸಲು ಎಲ್ಲ ಪಂಥಗಳಲ್ಲೂ ಅವಕಾಶವಿದೆ.

ರಂಜಾನ್ ಮತ್ತು ಹಾಲೂಡುವ ತಾಯಿ

ಅತಿ ಹೆಚ್ಚು ಗೊಂದಲ ಕಾಣಿಸಿಕೊಳ್ಳುವುದು ರಂಜಾನ್ ತಿಂಗಳಿನಲ್ಲಿ. ಕುರ್‌ಆನಿನ ಎರಡನೆಯ ಅಧ್ಯಾಯವು ರೋಗಿಗಳಿಗೂ ಪ್ರಯಾಣಿಕರಿಗೂ ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡಲು ಅನುಮತಿಸುತ್ತದೆ. ಗರ್ಭಿಣಿ ಹಾಗೂ ಹಾಲೂಡುವ ತಾಯಿಗೂ ಈ ಅನುಮತಿ ಅನ್ವಯಿಸುತ್ತದೆಂಬುದು ಹದೀಸಿನಿಂದ ಸ್ಪಷ್ಟವಾಗಿದೆ. ತನಗೆ ಅಥವಾ ಮಗುವಿಗೆ ಹಾನಿಯಾಗುವ ಭಯವಿದ್ದಲ್ಲಿ ಆಕೆ ಉಪವಾಸ ಬಿಡಬಹುದು. ಆ ಭಯಕ್ಕೆ ಸ್ವಂತ ಅನುಭವ, ಕಣ್ಣಿಗೆ ಕಾಣುವ ಲಕ್ಷಣ ಅಥವಾ ನುರಿತ ವೈದ್ಯರ ಮಾತು ಆಧಾರವಾಗಬಹುದು.

ಬಿಟ್ಟ ಉಪವಾಸವನ್ನು ತೀರಿಸುವ ಬಗೆಯಲ್ಲಿ ಮಾತ್ರ ಪಂಥಗಳ ನಡುವೆ ವ್ಯತ್ಯಾಸವಿದೆ. ಕರ್ನಾಟಕದ ಒಳನಾಡಿನ ಉರ್ದು ಮಾತನಾಡುವ ಮುಸ್ಲಿಮರಲ್ಲಿ ಬಹುಪಾಲು ಮಂದಿ ಹನಫಿ ಪಂಥದವರು. ಕರಾವಳಿಯ ಬ್ಯಾರಿಗಳು ಹಾಗೂ ಭಟ್ಕಳದ ನವಾಯತರು ಶಾಫಿ ಪಂಥದವರು. ಹನಫಿ ಪಂಥದ ಪ್ರಕಾರ ತಾಯಿ ಮುಂದೆ ಅನುಕೂಲವಾದಾಗ ದಿನಕ್ಕೆ ದಿನದಂತೆ ಉಪವಾಸ ಪೂರೈಸಿದರೆ ಸಾಕು. ಇದನ್ನು ‘ಕಜಾ’ ಎನ್ನುತ್ತಾರೆ. ಶಾಫಿ ಪಂಥದಲ್ಲಿಯೂ ತನ್ನ ಆರೋಗ್ಯದ ಭಯದಿಂದ ಬಿಟ್ಟಿದ್ದರೆ ಕಜಾ ಮಾತ್ರ. ಕೇವಲ ಮಗುವಿನ ಸಲುವಾಗಿ ಬಿಟ್ಟಿದ್ದರೆ ಕಜಾದ ಜೊತೆಗೆ ದಿನಕ್ಕೊಬ್ಬ ಬಡವರಿಗೆ ಆಹಾರ ನೀಡುವ ‘ಫಿದಿಯಾ’ ಕೂಡ ಸೇರುತ್ತದೆ. ಒಂದೇ ಕಟ್ಟಡದ ಇಬ್ಬರು ನೆರೆಯವರು ಎರಡು ಬಗೆಯ ಉತ್ತರ ಕೊಟ್ಟರೆ ಗಾಬರಿಯಾಗಬೇಕಿಲ್ಲ. ಅವರವರ ಪಂಥದ ವಿದ್ವಾಂಸರನ್ನು ಕೇಳಿ ತಿಳಿಯಬಹುದು.

ಕಜಾ ಪೂರೈಸಲು ಅವಸರವೂ ಬೇಕಿಲ್ಲ. ಪ್ರವಾದಿಯವರ ಪತ್ನಿ ಆಯಿಷಾ ಅವರು ತಮ್ಮ ಬಾಕಿ ಉಪವಾಸಗಳನ್ನು ಮುಂದಿನ ರಂಜಾನಿಗೆ ಮೊದಲಿನ ಶಾಬಾನ್ ತಿಂಗಳಿನಲ್ಲಿ ತೀರಿಸುತ್ತಿದ್ದರೆಂದು ಹದೀಸ್ ತಿಳಿಸುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರಿನ ಹಗಲು ಜೂನ್ ತಿಂಗಳ ಹಗಲಿಗಿಂತ ಒಂದು ತಾಸಿಗೂ ಹೆಚ್ಚು ಚಿಕ್ಕದು. ಹವೆಯೂ ತಂಪಾಗಿರುವ ಆ ದಿನಗಳಲ್ಲಿ ವಾರಕ್ಕೊಂದೆರಡರಂತೆ ಉಪವಾಸ ಪೂರೈಸುವುದು ತಾಯಿಯ ಶರೀರಕ್ಕೆ ಹಗುರ. ಚಾಂದ್ರಮಾನದ ಕಾರಣ ರಂಜಾನ್ ಪ್ರತಿವರ್ಷ ಸುಮಾರು 10-11 ದಿನ ಹಿಂದಕ್ಕೆ ಸರಿಯುತ್ತದೆ. 2024ರಲ್ಲಿ ಮಾರ್ಚ್-ಏಪ್ರಿಲಿನ ಸುಡುಬಿಸಿಲಿಗೆ ಬಂದಿದ್ದ ಈ ತಿಂಗಳು 2030ರ ವೇಳೆಗೆ ಜನವರಿಯ ಚಳಿಗೆ ಸರಿದಿರುತ್ತದೆ.

ವೈದ್ಯಶಾಸ್ತ್ರ ಹೇಳುವುದೇನು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ, ಮೊದಲ ಆರು ತಿಂಗಳು ಹಾಲೂಡುವ ತಾಯಿಗೆ ದಿನಕ್ಕೆ 600 ಕಿಲೋ ಕ್ಯಾಲರಿಯಷ್ಟು, ಮುಂದಿನ ಆರು ತಿಂಗಳು 520 ಕಿಲೋ ಕ್ಯಾಲರಿಯಷ್ಟು ಹೆಚ್ಚುವರಿ ಆಹಾರ ಬೇಕು. ಮೊದಲ ಆರು ತಿಂಗಳು ಮಗುವಿಗೆ ಎದೆಹಾಲೊಂದೇ ಆಹಾರ. ಆದ್ದರಿಂದ ಈ ಅವಧಿಯ ಉಪವಾಸ ತಾಯಿಗೆ ಅತ್ಯಂತ ಕಠಿಣವಾದುದು. ಮಗು ಒಂದು ವರ್ಷ ದಾಟಿ, ಬೇರೆ ಆಹಾರವನ್ನೂ ಉಣ್ಣುತ್ತಿದ್ದು, ತಾಯಿ ಆರೋಗ್ಯವಾಗಿದ್ದರೆ ಅನೇಕರು ಉಪವಾಸವನ್ನು ನಿಭಾಯಿಸುತ್ತಾರೆ.

ಉಪವಾಸ ಹಿಡಿದವರು ಕೆಲವು ಲಕ್ಷಣಗಳತ್ತ ಗಮನ ಹರಿಸಬೇಕು. ತಾಯಿಗೆ ತಲೆ ಸುತ್ತುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ತೀವ್ರ ತಲೆನೋವು ಕಾಣಿಸುವುದು. ಮಗು ದಿನಕ್ಕೆ ಆರು ಬಾರಿಗಿಂತ ಕಡಿಮೆ ಮೂತ್ರ ಮಾಡುವುದು, ಸದಾ ಮಂಕಾಗಿರುವುದು, ತೂಕ ಏರದಿರುವುದು. ಇವುಗಳಲ್ಲಿ ಯಾವುದು ಕಂಡರೂ ಆ ದಿನದ ಉಪವಾಸವನ್ನು ಅಲ್ಲಿಗೇ ಮುರಿದು ವೈದ್ಯರನ್ನು ಕಾಣುವುದು ಶಾಸ್ತ್ರಸಮ್ಮತ. ಮಧುಮೇಹ, ರಕ್ತಹೀನತೆ, ಥೈರಾಯ್ಡ್ ತೊಂದರೆ ಇರುವವರು ರಂಜಾನಿಗೆ ಕೆಲವು ವಾರ ಮೊದಲೇ ವೈದ್ಯರನ್ನು ಭೇಟಿಯಾಗಿ ಔಷಧದ ವೇಳೆಯನ್ನು ಚರ್ಚಿಸುವುದು ಒಳಿತು.

ರಂಜಾನಿನ ಮತ್ತೊಂದು ಹೊರೆ ಅಡುಗೆಮನೆಯದು. ಸಹರಿಗೆ ಎಲ್ಲರಿಗಿಂತ ಮೊದಲು ಏಳುವವಳು ಅವಳು. ಇಫ್ತಾರಿಗೆ ಸಮೋಸ ಕರಿದು, ಗಂಜಿ ಕಾಸಿ, ಹಣ್ಣು ಹೆಚ್ಚಿ ಎಲ್ಲರಿಗಿಂತ ಕೊನೆಗೆ ಕೂರುವವಳೂ ಅವಳೇ. ಉಪವಾಸ ಬಿಡಲು ಖರ್ಜೂರ ಮತ್ತು ನೀರಷ್ಟೇ ಸಾಕೆಂಬುದು ಪ್ರವಾದಿಯವರ ಮಾದರಿ. ಹತ್ತು ಬಗೆಯ ತಿನಿಸು ಇಲ್ಲದೆ ಇಫ್ತಾರ್ ಆಗದೆಂಬುದು ನಾವು ಕಟ್ಟಿಕೊಂಡ ವಾಡಿಕೆ. ತಾಯಿ ಉಪವಾಸವಿರದ ದಿನಗಳಲ್ಲಿ ಆಕೆ ಮನೆಯವರಿಂದ ಮರೆಯಾಗಿ, ಬಾಗಿಲ ಹಿಂದೆ ನಿಂತು ಊಟ ಮಾಡಬೇಕಾದ ಪರಿಸ್ಥಿತಿ ಕೆಲವು ಮನೆಗಳಲ್ಲಿದೆ. ಶಾಸ್ತ್ರವೇ ಕೊಟ್ಟ ಅನುಮತಿಯನ್ನು ಅಪರಾಧದಂತೆ ಬಚ್ಚಿಡುವ ಈ ಪರಿಪಾಠವನ್ನು ಮನೆಯ ಹಿರಿಯರು ತಾವಾಗಿ ನಿಲ್ಲಿಸಬೇಕು.

ನಲವತ್ತು ದಿನದ ‘ಚಿಲ್ಲಾ’

ಹೆರಿಗೆಯ ನಂತರದ ನಲವತ್ತು ದಿನಗಳನ್ನು ದಖನಿ ಮನೆಗಳಲ್ಲಿ ‘ಚಿಲ್ಲಾ’ ಎನ್ನುತ್ತಾರೆ. ಕನ್ನಡದ ಬಾಣಂತನದಂತೆಯೇ ಇದೂ ತಾಯಿಗೆ ವಿಶ್ರಾಂತಿ, ಬಿಸಿನೀರು, ಪೌಷ್ಟಿಕ ಆಹಾರ ದೊರೆಯಬೇಕಾದ ಕಾಲ. ಹೆರಿಗೆಯ ಬಳಿಕ ರಕ್ತಸ್ರಾವ ಇರುವವರೆಗೆ ನಮಾಜು ಹಾಗೂ ಉಪವಾಸಗಳಿಂದ ತಾಯಿಗೆ ವಿನಾಯಿತಿ ಇದೆ. ಈ ಅವಧಿಯ ನಮಾಜುಗಳನ್ನು ಮುಂದೆ ತೀರಿಸಬೇಕಾಗಿಲ್ಲ. ಉಪವಾಸಗಳನ್ನು ಮಾತ್ರ ತೀರಿಸಬೇಕು. ಈ ವಿನಾಯಿತಿಯ ಗರಿಷ್ಠ ಅವಧಿ ಹನಫಿ ಪಂಥದಲ್ಲಿ 40 ದಿನ, ಶಾಫಿ ಪಂಥದಲ್ಲಿ 60 ದಿನ. ನಲವತ್ತು ದಿನ ತುಂಬುವವರೆಗೂ ಕಾಯಲೇಬೇಕೆಂಬ ನಂಬಿಕೆ ಮಾತ್ರ ಸರಿಯಲ್ಲ. ಸ್ರಾವ ಬೇಗ ನಿಂತರೆ ಸ್ನಾನ ಮಾಡಿ ನಮಾಜು ಆರಂಭಿಸಬೇಕೆಂಬುದೇ ನಿಯಮ. ಆರು ವಾರ ಕಳೆದರೂ ಸ್ರಾವ ನಿಲ್ಲದಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣುವುದು ಅಗತ್ಯ.

ಈ ದಿನಗಳಲ್ಲಿಯೇ ಮನಸ್ಸಿನ ಕಾಯಿಲೆಯೂ ಸದ್ದಿಲ್ಲದೆ ಕಾಲಿಡುತ್ತದೆ. ಹೆರಿಗೆಯಾದ ಮೊದಲ ವಾರ ಕಾಣುವ ಅಳು, ಸಿಡುಕು, ಆತಂಕಗಳು ಬಹುತೇಕ ತಾಯಂದಿರಲ್ಲಿ ಎರಡು ವಾರದೊಳಗೆ ತಾವಾಗಿಯೇ ಇಳಿಯುತ್ತವೆ. ಎರಡು ವಾರ ಮೀರಿಯೂ ಮನಸ್ಸು ಕುಗ್ಗಿಯೇ ಇದ್ದರೆ, ಮಗುವಿನ ಮೇಲೆ ಅಕ್ಕರೆ ಹುಟ್ಟದಿದ್ದರೆ, ಮಗು ಮಲಗಿದಾಗಲೂ ನಿದ್ರೆ ಬಾರದಿದ್ದರೆ, ತಾನು ಯಾತಕ್ಕೂ ಬಾರದವಳೆಂಬ ಭಾವನೆ ಕಾಡುತ್ತಿದ್ದರೆ ಅದು ಪ್ರಸವಾನಂತರದ ಖಿನ್ನತೆ ಆಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾದ ಅಧ್ಯಯನವು ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿ, ನೂರರಲ್ಲಿ ಸುಮಾರು 22 ತಾಯಂದಿರಲ್ಲಿ ಇದರ ಲಕ್ಷಣಗಳಿವೆಯೆಂದು ಅಂದಾಜಿಸಿದೆ. ಅಂದರೆ ಐವರಲ್ಲಿ ಒಬ್ಬರು.

ಇದಕ್ಕಿಂತ ವಿರಳವಾದ, ಆದರೆ ಹೆಚ್ಚು ಅಪಾಯಕಾರಿಯಾದ ಸ್ಥಿತಿಯೂ ಒಂದಿದೆ. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ ಬರುವ ಈ ಪ್ರಸವಾನಂತರದ ಸೈಕೋಸಿಸ್‌ನಲ್ಲಿ ತಾಯಿ ಇಲ್ಲದ ದನಿಗಳನ್ನು ಕೇಳಬಹುದು, ವಿಪರೀತ ಸಂಶಯಪಡಬಹುದು, ದಿನಗಟ್ಟಲೆ ನಿದ್ರಿಸದಿರಬಹುದು. ಇದನ್ನು ಜಿನ್ನು, ದೃಷ್ಟಿ ಅಥವಾ ಮಾಟವೆಂದು ಬಗೆದು ವಾರಗಟ್ಟಲೆ ಅಲೆದಾಡುವುದರಲ್ಲಿ ಅಮೂಲ್ಯ ಸಮಯ ಕಳೆದುಹೋಗುತ್ತದೆ. ಇದು ತುರ್ತು ಚಿಕಿತ್ಸೆ ಬೇಕಾದ ಕಾಯಿಲೆ. ಮನೆಯವರು ದುವಾ ಓದುವುದಕ್ಕೆ ಅಡ್ಡಿಯಿಲ್ಲ. ವೈದ್ಯರ ಬಳಿಗೆ ಹೋಗುವ ದಾರಿಯನ್ನು ಅದು ತಡೆಯಬಾರದು ಅಷ್ಟೆ. ಚಿಕಿತ್ಸೆ ಪಡೆಯಿರಿ ಎಂಬ ಸೂಚನೆ ಹದೀಸಿನಲ್ಲಿಯೇ ಇದೆ.

ಮನಸ್ಸಿನ ಕಾಯಿಲೆಯನ್ನು ಕಾಯಿಲೆಯೆಂದೇ ಕಾಣುವ ದೃಷ್ಟಿ ಇಸ್ಲಾಮಿ ಪರಂಪರೆಗೆ ಹೊಸತಲ್ಲ. 934ರಲ್ಲಿ ನಿಧನರಾದ ಅಬೂ ಜೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸಿನ ಆರೋಗ್ಯದ ಕುರಿತ ತಮ್ಮ ಗ್ರಂಥದಲ್ಲಿ, ಕಾರಣ ತಿಳಿದ ದುಃಖ ಹಾಗೂ ಕಾರಣ ತಿಳಿಯದ ದುಃಖ ಎಂದು ಎರಡು ಬಗೆಗಳನ್ನು ವಿಂಗಡಿಸಿದ್ದರು. ಎರಡನೆಯದಕ್ಕೆ ಶರೀರವೇ ಮೂಲವೆಂದು ಗುರುತಿಸಿದ್ದರು. 1284ರಲ್ಲಿ ಕೈರೋದಲ್ಲಿ ಕಟ್ಟಲಾದ ಮನ್ಸೂರಿ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆ ಪ್ರತ್ಯೇಕ ವಿಭಾಗವಿತ್ತು. ಬಾಣಂತಿಯ ಕಾರಣವಿಲ್ಲದ ಅಳುವನ್ನು ಈಮಾನಿನ ಅಳತೆಗೋಲಿನಿಂದ ಅಳೆಯುವವರು ಈ ಇತಿಹಾಸವನ್ನೂ ಅರಿಯಬೇಕು.

ಕನ್ನಡದ ಒಂದು ಸಾಕ್ಷ್ಯ

ಈ ಸಂಕಟಕ್ಕೆ ಕನ್ನಡದಲ್ಲಿಯೇ ಒಂದು ಸಾಕ್ಷ್ಯವಿದೆ. ಹಾಸನದ ವಕೀಲೆ, ಲೇಖಕಿ ಬಾನು ಮುಷ್ತಾಕ್ ಅವರ ಕಥಾಸಂಕಲನ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ದೀಪಾ ಭಾಸ್ತಿ ಅವರು ಅನುವಾದಿಸಿದ ಈ ಕೃತಿ ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಮೂಲದ ಕೃತಿ, ಮೊದಲ ಸಣ್ಣಕಥಾ ಸಂಕಲನವೂ ಹೌದು. ಪ್ರೇಮವಿವಾಹವಾದ ಬಳಿಕ ಮನೆಗೆಲಸಕ್ಕಷ್ಟೇ ಸೀಮಿತಗೊಳ್ಳಬೇಕಾಗಿ ಬಂದುದನ್ನೂ, 29ನೆಯ ವಯಸ್ಸಿನಲ್ಲಿ ತಾಯಿಯಾಗಿ ಪ್ರಸವಾನಂತರದ ಖಿನ್ನತೆಗೆ ಒಳಗಾದುದನ್ನೂ ಅವರು ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಬದುಕನ್ನೇ ಮುಗಿಸಿಕೊಳ್ಳುವ ಹತಾಶೆಗೆ ತಲುಪಿದ್ದಾಗ ಪತಿ ಕೂಸನ್ನು ಎದುರಿಗಿಟ್ಟು ಬೇಡಿಕೊಂಡು ತಡೆದರೆಂಬುದನ್ನೂ ಅವರು ನೆನೆದಿದ್ದಾರೆ.

ಆ ಕತ್ತಲೆಯಿಂದ ಹೊರಬಂದ ಮಹಿಳೆ ಮುಂದೆ ಪತ್ರಕರ್ತೆಯಾದರು, ವಕೀಲರಾದರು, ದಶಕಗಳ ಕಾಲ ಕತೆಗಳನ್ನು ಬರೆದರು. ಅವರ ‘ಎದೆಯ ಹಣತೆ’ ಕತೆಯಲ್ಲಿಯೂ ಬದುಕಿನ ಅಂಚಿಗೆ ನಡೆದ ತಾಯಿಯೊಬ್ಬಳನ್ನು ಮಗಳು ಹಿಂದಕ್ಕೆ ಕರೆತರುತ್ತಾಳೆ. ಅವರಿಗಿಂತ ಮೊದಲು ಕಾಸರಗೋಡು-ಮಂಗಳೂರು ಸೀಮೆಯ ಸಾರಾ ಅಬೂಬಕ್ಕರ್ ಅವರು ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ಮೂಲಕ ಮುಸ್ಲಿಂ ತಾಯಿಯ ಮೌನವನ್ನು ಕನ್ನಡದ ಓದುಗರ ಮುಂದಿಟ್ಟಿದ್ದರು. ಇಂದಿನ ತಾಯಿಗೆ ಈ ಕೃತಿಗಳು ಒಂದು ಸಮಾಧಾನ ನೀಡುತ್ತವೆ. ತನ್ನ ದಣಿವು ತನ್ನೊಬ್ಬಳದೇ ದೋಷವಲ್ಲ, ಅದಕ್ಕೆ ಇತಿಹಾಸವಿದೆ, ಮಾತಿದೆ ಎಂಬುದೇ ಆ ಸಮಾಧಾನ.

ಚಿಕಿತ್ಸೆ ಎಲ್ಲಿದೆ?

ಹುಳಿಮಾವಿನ ನಿವಾಸಿಗಳಿಗೆ ಒಂದು ಅನುಕೂಲವಿದೆ. ಬನ್ನೇರುಘಟ್ಟ ರಸ್ತೆಯಲ್ಲಿ ಉತ್ತರಕ್ಕೆ ಸಾಗಿ ಡೈರಿ ವೃತ್ತ ದಾಟಿದರೆ ನಿಮ್ಹಾನ್ಸ್ ಸಿಗುತ್ತದೆ. ತಾಯಿ ಮತ್ತು ಮಗುವನ್ನು ಬೇರ್ಪಡಿಸದೆ ಒಟ್ಟಿಗೇ ದಾಖಲಿಸಿಕೊಂಡು ಚಿಕಿತ್ಸೆ ನೀಡುವ ದೇಶದ ಮೊದಲ ಮನೋವೈದ್ಯಕೀಯ ಘಟಕ 2009ರಲ್ಲಿ ಆರಂಭವಾದುದು ಇಲ್ಲಿಯೇ. ಮಗುವಿನ ಜೊತೆ ಮನೆಯ ಹೆಂಗಸೊಬ್ಬರು ಉಳಿದುಕೊಳ್ಳುವ ವ್ಯವಸ್ಥೆಯೂ ಅಲ್ಲಿದೆ. ಕೂಸನ್ನು ಬಿಟ್ಟು ಆಸ್ಪತ್ರೆಗೆ ಹೇಗೆ ಹೋಗುವುದೆಂಬ ಭಯವೇ ಅನೇಕ ತಾಯಂದಿರನ್ನು ಚಿಕಿತ್ಸೆಯಿಂದ ದೂರವಿರಿಸುವುದರಿಂದ ಈ ವ್ಯವಸ್ಥೆ ಮಹತ್ವದ್ದು. ಸಮೀಪದ ಬಿಟಿಎಂ ಬಡಾವಣೆಯಲ್ಲಿ ನಿಮ್ಹಾನ್ಸ್‌ನದೇ ಕ್ಷೇಮ ಕೇಂದ್ರವೂ ಇದೆ. ದೊಡ್ಡ ಆಸ್ಪತ್ರೆಯ ಮೆಟ್ಟಿಲು ಹತ್ತಲು ಅಳುಕುವವರು ಅಲ್ಲಿ ಆಪ್ತಸಲಹೆ ಪಡೆಯಬಹುದು.

ಮನೆಯಿಂದಲೇ ಮಾತನಾಡಬೇಕೆನ್ನುವವರಿಗೆ ‘ಟೆಲಿ ಮಾನಸ್’ ಸಹಾಯವಾಣಿಯಿದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಈ ಸೇವೆಯ ಸಂಖ್ಯೆ 14416. ಕರೆ ಉಚಿತ, ದಿನದ 24 ತಾಸೂ ಲಭ್ಯ, ಕನ್ನಡದಲ್ಲಿಯೂ ಮಾತನಾಡಬಹುದು. ಬದುಕು ಬೇಡವೆನಿಸುವ ಯೋಚನೆ ಬಂದ ಕೂಡಲೇ ತಡಮಾಡದೆ ಈ ಸಂಖ್ಯೆಗೆ ಕರೆ ಮಾಡಬೇಕು. ಮನೆಯವರು ತಾಯಿಯನ್ನು ಒಂಟಿಯಾಗಿ ಬಿಡಬಾರದು.

ಔಷಧ ಸೇವಿಸಿದರೆ ಹಾಲೂಡುವಂತಿಲ್ಲ ಎಂಬ ಭಯವೂ ವ್ಯಾಪಕವಾಗಿದೆ. ಹಾಲೂಡುವಾಗಲೂ ತೆಗೆದುಕೊಳ್ಳಬಹುದಾದ ಖಿನ್ನತೆ ನಿವಾರಕಗಳಿವೆ. ಹಾಲೂಡುತ್ತಿರುವ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಿದರೆ ಸೂಕ್ತವಾದುದನ್ನು ಅವರು ಆರಿಸುತ್ತಾರೆ. ಎಲ್ಲರಿಗೂ ಔಷಧವೇ ಬೇಕಾಗುವುದಿಲ್ಲ. ಅನೇಕರಿಗೆ ಆಪ್ತಸಲಹೆ, ನಿದ್ರೆ ಹಾಗೂ ಮನೆಯವರ ನೆರವಿನಿಂದಲೇ ಗುಣ ಕಾಣುತ್ತದೆ.

ಮನೆಗೆಲಸ ಯಾರ ಕರ್ತವ್ಯ?

ಸಮತೋಲನವೆಂದರೆ ತಾಯಿಯೊಬ್ಬಳೇ ಎಲ್ಲವನ್ನೂ ಸರಿದೂಗಿಸಬೇಕೆಂಬ ಅರ್ಥ ರೂಢಿಯಲ್ಲಿ ಬಂದುಬಿಟ್ಟಿದೆ. ಧರ್ಮಗ್ರಂಥದ ಚಿತ್ರ ಬೇರೆಯೇ ಇದೆ. ಎರಡು ವರ್ಷದವರೆಗೆ ಹಾಲೂಡುವ ಬಗ್ಗೆ ಹೇಳುವ ಕುರ್‌ಆನಿನ ವಚನವು ಅದೇ ಉಸಿರಿನಲ್ಲಿ ತಾಯಿಯ ಅನ್ನ-ಬಟ್ಟೆಯ ಹೊಣೆಯನ್ನು ತಂದೆಯ ಮೇಲಿರಿಸುತ್ತದೆ. ಮಗುವಿನ ಕಾರಣದಿಂದ ತಾಯಿಯನ್ನು ಪೀಡಿಸಬಾರದೆಂದು ಎಚ್ಚರಿಸುತ್ತದೆ. ಹಾಲು ಬಿಡಿಸುವ ತೀರ್ಮಾನವೂ ಇಬ್ಬರ ಸಮಾಲೋಚನೆ ಹಾಗೂ ಒಪ್ಪಿಗೆಯಿಂದ ಆಗಬೇಕೆನ್ನುತ್ತದೆ. ಮನೆಯಲ್ಲಿ ಪ್ರವಾದಿಯವರು ಏನು ಮಾಡುತ್ತಿದ್ದರೆಂದು ಕೇಳಿದಾಗ, ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು, ನಮಾಜಿನ ವೇಳೆಯಾದಾಗ ಹೊರಡುತ್ತಿದ್ದರು ಎಂದು ಆಯಿಷಾ ಉತ್ತರಿಸಿದ್ದರು. ಸುನ್ನತ್ ಎಂದರೆ ಗಡ್ಡ, ಉಡುಪುಗಳಷ್ಟೇ ಎಂದು ಬಗೆದವರು ಈ ಸುನ್ನತ್ತಿನತ್ತಲೂ ಗಮನ ಹರಿಸಬೇಕು.

ಇದನ್ನು ಹುಳಿಮಾವಿನ ಎರಡು ಕೋಣೆಯ ಮನೆಗೆ ಅನ್ವಯಿಸಿದರೆ ಹೀಗಾಗುತ್ತದೆ. ತಾಯಿ ನಮಾಜಿಗೆ ನಿಂತ ಆ ಹತ್ತು ನಿಮಿಷ ಕೂಸನ್ನು ತಂದೆ ಎತ್ತಿಕೊಳ್ಳಬಹುದು. ರಾತ್ರಿಯ ಒಂದು ಪಾಳಿ ತಂದೆಯದಾದರೆ ತಾಯಿಗೆ ನಾಲ್ಕೈದು ತಾಸಿನ ನಿರಂತರ ನಿದ್ರೆ ಸಿಗುತ್ತದೆ. ಮಧ್ಯಾಹ್ನದ ಕಿರುನಿದ್ರೆಯನ್ನು ಇಸ್ಲಾಮಿ ಪರಂಪರೆಯಲ್ಲಿ ‘ಕೈಲೂಲಾ’ ಎನ್ನುತ್ತಾರೆ. ಅದು ಪ್ರೋತ್ಸಾಹಿಸಲ್ಪಟ್ಟ ರೂಢಿ. ಮಗು ಮಲಗಿದಾಗ ತಾಯಿ ಮಲಗಿದರೆ ಸೋಮಾರಿಯೆಂದು ಕರೆಯಲು ಧರ್ಮದಲ್ಲಿ ಆಧಾರವಿಲ್ಲ. ಮಕ್ಕಳ ಕುರ್‌ಆನ್ ಪಾಠವನ್ನು ವಾರದಲ್ಲಿ ಕೆಲವು ದಿನ ತಂದೆಯೇ ವಹಿಸಿಕೊಂಡರೆ ತಾಯಿಗೆ ಒಂದು ನಡಿಗೆಗೋ, ಒಂದು ಪುಸ್ತಕಕ್ಕೋ ಸಮಯ ದೊರೆಯುತ್ತದೆ.

ಅತ್ತೆಯಂದಿರ ಪಾತ್ರವೂ ಹಿರಿದು. ತಾವು ಹತ್ತು ಮಂದಿಗೆ ಅಡುಗೆ ಮಾಡಿ, ಹೊಲಕ್ಕೂ ಹೋಗಿ, ಉಪವಾಸವನ್ನೂ ಮಾಡಿದೆವು ಎಂಬ ಮಾತು ಅವರ ಮಟ್ಟಿಗೆ ನಿಜವೇ ಇರಬಹುದು. ಆದರೆ ಅಂದಿನ ಮನೆಯಲ್ಲಿ ಕೂಸನ್ನು ಎತ್ತಿಕೊಳ್ಳಲು ನಾಲ್ಕು ಕೈಗಳಿದ್ದವು. ಇಂದಿನ ಸೊಸೆ ಬೀಗ ಹಾಕಿದ ಬಾಗಿಲಿನ ಹಿಂದೆ ದಿನವಿಡೀ ಒಬ್ಬಳೇ ಇರುತ್ತಾಳೆ. ಈ ವ್ಯತ್ಯಾಸವನ್ನು ಅರಿತ ಹಿರಿಯರು ಹೇಳುವ ‘ನೀನು ಮಲಗಮ್ಮಾ, ನಾನು ನೋಡಿಕೊಳ್ಳುತ್ತೇನೆ’ ಎಂಬ ಒಂದು ಮಾತು ಸೊಸೆಗೆ ದೊಡ್ಡ ಆಸರೆ.

ದುಡಿಯುವ ತಾಯಿಯ ಹಕ್ಕು

ಬನ್ನೇರುಘಟ್ಟ ರಸ್ತೆಯ ಕಚೇರಿಗಳಲ್ಲಿಯೂ, ಬೊಮ್ಮನಹಳ್ಳಿ ಸುತ್ತಲಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿಯೂ ದುಡಿಯುವ ತಾಯಂದಿರಿಗೆ ಕಾನೂನಿನ ನೆರವಿದೆ. 2017ರ ತಿದ್ದುಪಡಿಯ ಮೂಲಕ ಹೆರಿಗೆ ರಜೆಯನ್ನು ಮೊದಲ ಎರಡು ಮಕ್ಕಳಿಗೆ 26 ವಾರಗಳಿಗೆ ಏರಿಸಲಾಯಿತು. 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಲಾಯಿತು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡುವ ಬಿಡುವೂ ಸಿಗಬೇಕು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಸೌಲಭ್ಯಗಳು ಮುಂದುವರಿದಿವೆ.

ಇವುಗಳನ್ನು ಕೇಳಿ ಪಡೆಯುವುದು ಸೌಜನ್ಯದ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ. ಜುಹ್ರ್ ಹಾಗೂ ಅಸರ್ ನಮಾಜುಗಳಿಗೆ ತಲಾ ಹತ್ತು ನಿಮಿಷ ಸಾಕು. ಈ ನಮಾಜುಗಳ ವೇಳೆ ಕೆಲವು ಕ್ಷಣಗಳದ್ದಲ್ಲ. ಮುಂದಿನ ವೇಳೆಯ ಸಮೀಪದವರೆಗೂ ಅದು ವಿಸ್ತರಿಸಿರುತ್ತದೆ. ಅಜಾನ್ ಕೇಳಿದ ಕೂಡಲೇ ಸಲ್ಲಿಸಲಾಗಲಿಲ್ಲವೆಂದು ಕಚೇರಿಯಲ್ಲಿ ಚಡಪಡಿಸುವ ಬದಲು, ಊಟದ ಬಿಡುವಿನಲ್ಲಿ ನೆಮ್ಮದಿಯಿಂದ ಸಲ್ಲಿಸಬಹುದು.

ಮಸೀದಿ ಮತ್ತು ಒಡನಾಟ

ಒಂಟಿತನವನ್ನು ನೀಗಿಸಲು ಮಸೀದಿಯೂ ನೆರವಾಗಬಲ್ಲದು. ಮಹಿಳೆಯರಿಗೆ ಶುಕ್ರವಾರದ ಸಾಮೂಹಿಕ ನಮಾಜು ಕಡ್ಡಾಯವಲ್ಲ, ಮನೆಯ ನಮಾಜಿಗೆ ಪೂರ್ಣ ಫಲವಿದೆ. ಹಾಗೆಂದು ಬಾಗಿಲು ಮುಚ್ಚಿಲ್ಲ. ಮಹಿಳೆಯರು ಮಸೀದಿಗೆ ಹೋಗಿ ನಮಾಜು ಸಲ್ಲಿಸಲು ಧರ್ಮದಲ್ಲಿ ಅನುಮತಿಯಿದೆಯೆಂದು ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ಇದೇ ಮಾತನ್ನಾಡಿದ್ದಕ್ಕಾಗಿ ಬಾನು ಮುಷ್ತಾಕ್ ಅವರು 2000ದಲ್ಲಿ ಸಾಮಾಜಿಕ ಬಹಿಷ್ಕಾರ ಎದುರಿಸಬೇಕಾಗಿತ್ತು ಎಂಬುದನ್ನು ನೆನೆದರೆ, ಎರಡು ದಶಕಗಳಲ್ಲಿ ಮಾತು ಎಷ್ಟು ದೂರ ಬಂದಿದೆಯೆಂಬುದು ತಿಳಿಯುತ್ತದೆ. ಮಹಿಳೆಯರಿಗೆ ಪ್ರತ್ಯೇಕ ಸ್ಥಳ, ವಜೂ ಮಾಡುವ ವ್ಯವಸ್ಥೆ, ಮಕ್ಕಳನ್ನು ಕೂರಿಸುವ ಮೂಲೆ ಇವು ಬಡಾವಣೆಯ ಮಸೀದಿ ಸಮಿತಿಗಳು ಯೋಚಿಸಬಹುದಾದ ಸಂಗತಿಗಳು.

ಶುಕ್ರವಾರದ ಪ್ರವಚನಗಳಲ್ಲಿ ತಾಯಿಯ ಪಾದದಡಿ ಸ್ವರ್ಗವಿದೆಯೆಂಬ ಮಾತು ಪದೇ ಪದೇ ಕೇಳಿಬರುತ್ತದೆ. ಅದರ ಜೊತೆಗೆ ಹಾಲೂಡುವ ತಾಯಿಗಿರುವ ರಿಯಾಯಿತಿ, ಬಾಣಂತಿಯ ಖಿನ್ನತೆ, ಗಂಡಸರ ಮನೆಗೆಲಸದ ಸುನ್ನತ್ ಇವುಗಳ ಬಗ್ಗೆಯೂ ವರ್ಷಕ್ಕೊಮ್ಮೆ, ರಂಜಾನಿಗೆ ಮುಂಚಿನ ವಾರ, ಮಾತನಾಡಿದರೆ ಕೇಳುವ ಗಂಡಸರಿಗೆ ತಮ್ಮ ಹೊಣೆ ತಿಳಿದೀತು. ತಾಯಂದಿರು ತಾವಾಗಿ ಕೇಳಲು ಸಂಕೋಚಪಡುವ ವಿಷಯಗಳನ್ನು ಮಿಂಬರ್ ಮೇಲಿಂದ ಒಬ್ಬ ಇಮಾಮರು ಹೇಳಿದರೆ ನೂರು ಮನೆಗಳಲ್ಲಿ ವಾದ ತಪ್ಪುತ್ತದೆ.

ಕೊನೆಗೆ ಉಳಿಯುವುದು ಸಣ್ಣ ಸಣ್ಣ ಏರ್ಪಾಡುಗಳು. ಹೆರಿಗೆಯ ಮೊದಲೇ ರಾತ್ರಿಯ ಪಾಳಿಯನ್ನು ನಿಶ್ಚಯಿಸಿಕೊಳ್ಳುವುದು. ಬಿಟ್ಟ ಉಪವಾಸಗಳ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ಮನಸ್ಸಿನಿಂದ ಇಳಿಸುವುದು. ಹೆರಿಗೆಯಾದ ಆರನೆಯ ವಾರ ಮಗುವಿನ ಲಸಿಕೆಗೆ ಹೋದಾಗ ತಾಯಿಯ ನಿದ್ರೆ ಮತ್ತು ಮನಸ್ಸಿನ ಬಗ್ಗೆಯೂ ವೈದ್ಯರಲ್ಲಿ ಮಾತೆತ್ತುವುದು. 14416 ಸಂಖ್ಯೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡುವುದು. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಾಗಿಲ್ಲ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಹುಳಿಮಾವಿನಿಂದ ನಿಮ್ಹಾನ್ಸ್‌ವರೆಗೆ ರಾಜ್ಯದ ಮಹಿಳೆಯರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನ ಪ್ರಯಾಣವೂ ಉಚಿತ. ಆಕೆ ಬಸ್ಸು ಹತ್ತಿ ಹೋಗಿಬರುವವರೆಗೆ ಮನೆಯಲ್ಲಿರುವ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆಂಬುದನ್ನು ಮಾತ್ರ ಮನೆಯವರೇ ನಿರ್ಧರಿಸಬೇಕು.